ಟೆಲಿಫೋನ್ ಹುಡುಗಿಯ ಗಂಟಲು ಹೋದ ವರ್ಷ

ನನ್ನ ಗಂಟಲು ಹೋದದ್ದು, ಮಾತು ಕಡಿಮೆ ಮಾಡಿ ಎಂದು ಇಡೀ ದೇಶಕ್ಕೆ ಗೋಡೆಗೋಡೆಯ ಮೇಲೂ ಬರೆಸಿ ಹೇಳುತ್ತಿದ್ದ ಕಾಲದಲ್ಲಿ. ಎಪ್ಪತ್ತರ ದಶಕದ ನಡುವಿನ ತುರ್ತು ಪರಿಸ್ಥಿತಿಯ ದಿನಗಳು. ಶಿಕಾರಿಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ನಮ್ಮ ಕೋಣೆಗೂ ಒಂದು ಬೋರ್ಡು ಬಂತು: ಮಾತು ಕಡಿಮೆ, ದುಡಿಮೆ ಹೆಚ್ಚು. ಅದನ್ನು ಸ್ವಿಚ್‌ಬೋರ್ಡಿನ ನೆತ್ತಿಯ ಮೇಲೆಯೇ ಮೊಳೆ ಹೊಡೆದು ತೂಗುಹಾಕಿದರು. ಮಾತಾಡುವುದೇ ದುಡಿಮೆಯಾಗಿದ್ದ ನಾವು ಮೂವರು ಆಪರೇಟರುಗಳು ಅದರ ಕೆಳಗೆ ಕೂತು, ಯಾವುದನ್ನು ಕಡಿಮೆ ಮಾಡಿ ಯಾವುದನ್ನು ಹೆಚ್ಚು ಮಾಡಬೇಕೆಂದು ತಿಳಿಯದೆ, ದಿನಕ್ಕೆ ಎಂಟು ಗಂಟೆ ಮೊದಲಿನಂತೆಯೇ ಕಿರುಚುತ್ತಿದ್ದೆವು.

ಆಗ ಟ್ರಂಕ್ ಕಾಲ್ ಎಂದರೆ ಹಾಗೆಯೇ. ಪಕ್ಕದ ತಾಲ್ಲೂಕಿಗೆ ಹೋಗಬೇಕಾದ ಮಾತು ಮೊದಲು ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಸುತ್ತಿ ಬಳಸಿ ಬರುತ್ತಿತ್ತು. ದಾರಿಯಲ್ಲಿ ಅರ್ಧ ಸವೆದು ಹೋಗುತ್ತಿತ್ತು. ಹಾಗೆ ಸವೆಯದೆ ತಲುಪುವ ಗಂಟಲು ನನ್ನದು ಎಂದು ಊರಲ್ಲಿ ಹೆಸರಿತ್ತು. ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ. ಆದರೆ ಬಟ್ಟೆ ಅಂಗಡಿಯಲ್ಲಿ ನಿಂತು ಎರಡು ಮಾತಾಡಿದರೆ ಒಳಗಿಂದ ಯಾರಾದರೂ ತಲೆ ಹೊರಹಾಕಿ, "ನೀವು ಫೋನಿನೋರಲ್ಲೇನ್ರೀ?" ಎಂದು ಕೇಳುತ್ತಿದ್ದರು. ಇಪ್ಪತ್ತನಾಲ್ಕರ ವಯಸ್ಸಿಗೆ ಅದು ಸಣ್ಣ ಕೀರ್ತಿಯಲ್ಲ. ಸೊರಬದ ಒಂದು ಮನೆಯವರು ನನ್ನನ್ನು ಸೊಸೆ ಮಾಡಿಕೊಳ್ಳಲು ಒಪ್ಪಿದ್ದೂ ಆ ಗಂಟಲು ಕೇಳಿಯೇ. ಹುಡುಗ ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಣ್ಣು ನೋಡಲು ಬಂದಾಗ ಅವನ ತಾಯಿ ಹಾಡು ಹೇಳಿಸಲಿಲ್ಲ. "ಫೋನಿನಾಗೆ ಹೆಂಗೆ ಮಾತಾಡ್ತೀಯ, ಒಂದ್ಸಲ ಮಾತಾಡು ನೋಡನ" ಎಂದರು. ನಾನು ಲೋಟವನ್ನೇ ಕಿವಿಗಿಟ್ಟುಕೊಂಡು "ನಂಬರ್ ಪ್ಲೀಸ್" ಎಂದೆ. ಮದುವೆ ನಿಶ್ಚಯವಾಯಿತು.

ಮನೆಯಲ್ಲಿ ಇದ್ದದ್ದು ನಾನು ಮತ್ತು ಅವ್ವ. ಅವ್ವನಿಗೆ ಕಿವಿ ಮಂದ. ಹಗಲೆಲ್ಲ ಎಕ್ಸ್‌ಚೇಂಜಿನಲ್ಲಿ ಕೂಗಿ ಬಂದವಳು ಸಂಜೆ ಅವಳ ಹತ್ತಿರ ಕೂತು ಇನ್ನಷ್ಟು ಕೂಗುತ್ತಿದ್ದೆ. ಊರಿನ ಸುದ್ದಿಯೆಲ್ಲ ಅವಳಿಗೆ ನನ್ನಿಂದಲೇ ಸಿಗಬೇಕಿತ್ತು. "ನಿನ್ ಮಾತೊಂದೇ ನೋಡು ನನಗೆ ಪೂರ್ತಿ ಕೇಳೋದು. ಉಳಿದೋರೆಲ್ಲ ಬರೀ ಬಾಯಿ ಆಡಿಸ್ತಾರೆ" ಎನ್ನುತ್ತಿದ್ದಳು. ನಾವು ಅವ್ವ ಮಗಳು ಗುಟ್ಟು ಮಾತಾಡಿದರೆ ಆಚೆ ಬೀದಿಯವರು ಉತ್ತರ ಕೊಡುವಂತಿತ್ತು.

ಶ್ರಾವಣದಲ್ಲಿ ಅವ್ವನಿಗೆ ಜ್ವರ ಬಂತು. ಒಂಬತ್ತನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ಅಕ್ಕನಿಗೆ ತಿಳಿಸಬೇಕಿತ್ತು. ಅಕ್ಕ ಭಾವ ಆನವಟ್ಟಿಯಲ್ಲಿದ್ದರು. ಅಲ್ಲಿ ಅಂಚೆ ಕಚೇರಿಯ ಫೋನಿಗೆ ಮಾಡಿ ಹೇಳಿಕಳಿಸಬೇಕು. ನಾನೇ ಎಕ್ಸ್‌ಚೇಂಜಿಗೆ ಓಡಿ, ಜೊತೆಯವಳನ್ನು ಎಬ್ಬಿಸಿ, ನನ್ನದೇ ಕುರ್ಚಿಯಲ್ಲಿ ಕೂತು ಲೈನು ಹಿಡಿದೆ. ಅದೃಷ್ಟಕ್ಕೆ ಭಾವನೇ ಅಂಚೆ ಕಚೇರಿಯಲ್ಲಿದ್ದರು. ಆದರೆ ಲೈನಿನಲ್ಲಿ ಗಾಳಿ ಬಿಟ್ಟು ಏನೂ ಇರಲಿಲ್ಲ.

"ಅವ್ವ ಹೋದ್ಲು!" ಎಂದು ಕೂಗಿದೆ.

"ಏನು? ಎಲ್ಲಿಗೆ?"

"ಹೋಗಿಬಿಟ್ಟಳು! ಅವ್ವ ಹೋಗಿಬಿಟ್ಟಳು!"

"ಹೊರಟ್ಲಾ? ಯಾವ ಬಸ್ಸಿಗೆ?"

ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಲೈನು ಕಡಿದುಹೋಯಿತು. ಮತ್ತೆ ಸಿಗಲಿಲ್ಲ. ಭಾವ ಆನವಟ್ಟಿಯ ಬಸ್ ನಿಲ್ದಾಣಕ್ಕೆ ಹೋಗಿ ಅವ್ವನಿಗಾಗಿ ಕಾದರಂತೆ. ಆಮೇಲೆ ತಂತಿ ಹೋಗಿ ಮುಟ್ಟಿತು. ನಮ್ಮ ಎಕ್ಸ್‌ಚೇಂಜಿನ ಅತ್ಯುತ್ತಮ ಗಂಟಲು ತನ್ನ ಮನೆಯ ಒಂದೇ ಒಂದು ಸುದ್ದಿಯನ್ನು ಸರಿಯಾಗಿ ತಲುಪಿಸಲಾರದೆ ಹೋಯಿತು.

ಆವತ್ತು ಸಂಜೆಗೆ ಧ್ವನಿ ಒಡೆಯಿತು. ಹದಿಮೂರು ದಿನ ಮುಗಿಯುವಷ್ಟರಲ್ಲಿ ಪೂರ್ತಿ ನಿಂತಿತು. ಅತ್ತದ್ದಕ್ಕೆ ಹಾಗಾಗಿದೆ ಎಂದರು ಕೆಲವರು. ಸಾಕಷ್ಟು ಅಳದೇ ಇದ್ದದ್ದಕ್ಕೆ ಎಂದರು ಉಳಿದವರು. ಜೇನುತುಪ್ಪ, ಕಾಳುಮೆಣಸು, ಜೇಷ್ಠಮಧು, ಹೆಸರು ಹೇಳಲಾಗದ ಮೂರು ಕಷಾಯ ಎಲ್ಲ ಆದವು. ಶಿವಮೊಗ್ಗದ ಗಂಟಲಿನ ಡಾಕ್ಟರು ಬಾಯಲ್ಲಿ ಕನ್ನಡಿ ಇಟ್ಟು ನೋಡಿ, "ಮೂರು ತಿಂಗಳು ಒಂದು ಶಬ್ದ ಆಡಬಾರದು. ಪಿಸುಮಾತೂ ಕೂಡದು. ಆಮೇಲೆ ಬಂದರೆ ಬರುತ್ತದೆ, ಹಿಂದಿನ ಹಾಗೇ ಬರುತ್ತದೆ ಅಂತ ಹೇಳಲಾರೆ" ಎಂದರು. ನಾನು ತಲೆಯಾಡಿಸಿದೆ. ಎಕ್ಸ್‌ಚೇಂಜಿನಲ್ಲಿ ರಜೆ ಬರೆದುಕೊಟ್ಟೆ. ನೆತ್ತಿಯ ಮೇಲಿನ ಬೋರ್ಡನ್ನು ಅಕ್ಷರಶಃ ಪಾಲಿಸಿದವಳು ನಾನೊಬ್ಬಳೇ. ಅದಕ್ಕೆ ಯಾರೂ ಪ್ರಶಸ್ತಿ ಕೊಡಲಿಲ್ಲ.

ಸೊರಬದವರು ಮೊದಲು ಸೂತಕ ಎಂದು ಮದುವೆ ಮುಂದೂಡಿದರು. ಆಮೇಲೆ ಗಂಟಲು ಎಂದು ಮುಂದೂಡಿದರು. ಕೊನೆಗೆ ಹುಡುಗನೇ ದುಂಡಗಿನ ಅಕ್ಷರದಲ್ಲಿ ಒಂದು ಕಾಗದ ಬರೆದ. ಇದೆಲ್ಲ ನಿಮ್ಮ ಒಳ್ಳೆಯದಕ್ಕೇ ಎಂದು ತಿಳಿಯಿರಿ, ಧೈರ್ಯಗೆಡಬೇಡಿ, ಭವಿಷ್ಯ ಉಜ್ವಲವಾಗಿದೆ ಎಂದು ಇತ್ತು. ಯಾರ ಭವಿಷ್ಯ ಎಂದು ಬರೆದಿರಲಿಲ್ಲ. ಕೆಳಗೆ 'ಇಂತಿ ತಮ್ಮ ವಿಶ್ವಾಸಿ' ಎಂದು ಸಹಿ. ಕಚೇರಿಯ ಅಭ್ಯಾಸ.

ಅಕ್ಕ ಬಂದು ನನ್ನನ್ನು ಆನವಟ್ಟಿಗೆ ಕರೆದುಕೊಂಡು ಹೋದಳು. ನನ್ನ ಕೈಗೊಂದು ಪಾಟಿ, ಒಂದು ಬಳಪ. ಏನು ಹೇಳಬೇಕಿದ್ದರೂ ಪಾಟಿಯ ಅಗಲದಲ್ಲಿ ಹೇಳಿ ಮುಗಿಸಬೇಕು. ನಾನು ಬರೆದು ಮುಗಿಸುವುದರೊಳಗೆ ಎದುರಿನವರು ಉತ್ತರ ಕೊಟ್ಟು ಮುಗಿಸುತ್ತಿದ್ದರು. ಕೆಲವರು ಪಾಟಿ ಕಸಿದುಕೊಂಡು ತಾವೂ ಬರೆದು ತೋರಿಸುತ್ತಿದ್ದರು. ಹೆಚ್ಚಿನವರು ನನಗೆ ಕಿವಿಯೂ ಹೋಗಿದೆ ಎಂದು ತಾವೇ ತೀರ್ಮಾನಿಸಿ, ಮುಖದ ಹತ್ತಿರ ಬಂದು ಅಬ್ಬರಿಸುತ್ತಿದ್ದರು. ಅವ್ವ ಅಷ್ಟು ವರ್ಷ ಏನನ್ನು ತಡೆದುಕೊಂಡಿದ್ದಳೆಂದು ಆಗ ಗೊತ್ತಾಯಿತು.

ಸಮಾಧಾನ ಹೇಳುವವರಿಗೆ ಆನವಟ್ಟಿಯಲ್ಲಿ ಕೊರತೆಯಿರಲಿಲ್ಲ. ಎಲ್ಲರ ಹತ್ತಿರವೂ ನನಗಿಂತ ಕಷ್ಟದಲ್ಲಿರುವ ಒಬ್ಬರು ತಯಾರಿರುತ್ತಿದ್ದರು. ಉಡುತಡಿಯಲ್ಲಿ ಒಬ್ಬಳಿಗೆ ಎರಡೂ ಕಣ್ಣಿಲ್ಲವಂತೆ. ಹಾನಗಲ್ಲಿನ ಕಡೆ ಒಬ್ಬನಿಗೆ ಮನೆ ಬಿದ್ದು, ಎತ್ತು ಸತ್ತು, ಹೆಂಡತಿ ತವರಿಗೆ ಹೋಗಿದ್ದಳಂತೆ. ಭಾವ ಇದರಲ್ಲಿ ಎಲ್ಲರಿಗೂ ಮುಂದೆ. ಅವರಿಗೆ ಸರ್ಕಾರದಲ್ಲಿ ಕೆಲಸವೇ ರೈತರಿಗೆ ಸಲಹೆ ಕೊಡುವುದು. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ನನ್ನ ಎದುರು ಕುರ್ಚಿ ಹಾಕಿಕೊಂಡು ಪ್ರವಾಹ, ರೈಲು ಅಪಘಾತ, ಬೆಂಕಿ ಇವನ್ನೆಲ್ಲ ಹುಡುಕಿ ಹುಡುಕಿ ಓದುತ್ತಿದ್ದರು.

"ನೋಡು ಮಾರಾಯ್ತಿ, ಇವರ ಮುಂದೆ ನಿಂದೇನು ದೊಡ್ಡದು?"

ನಾನು ಪಾಟಿಯ ಮೇಲೆ 'ಹೌದು' ಎಂದು ಬರೆಯುತ್ತಿದ್ದೆ. ಪ್ರವಾಹದವರ ದುಃಖ ಬಂದದ್ದರಿಂದ ನನ್ನದೇನೂ ಕಡಿಮೆಯಾಗಲಿಲ್ಲ. ಎರಡೂ ಒಂದೇ ಮನೆಯಲ್ಲಿ ಉಳಿದುಕೊಂಡವು. ಆದರೆ ಅಷ್ಟೆಲ್ಲ ಪಾಟಿಯಲ್ಲಿ ಹಿಡಿಸುವುದಿಲ್ಲ.

ಒಂದು ತಿಂಗಳು ಹೋಗುವಷ್ಟರಲ್ಲಿ ಒಂದು ವಿಚಿತ್ರ ನಡೆಯಿತು. ನನ್ನಷ್ಟು ಒಳ್ಳೆಯ ಹುಡುಗಿ ಆನವಟ್ಟಿಯಲ್ಲಿಯೇ ಇಲ್ಲ ಎಂದು ಹೆಸರಾಯಿತು. ಸಮಾಧಾನ ಹೇಳಲು ಬಂದ ಹೆಂಗಸರು ಎರಡು ಮಾತಿನಲ್ಲಿ ಅದನ್ನು ಮುಗಿಸಿ, ತಮ್ಮ ಅತ್ತೆ, ತಮ್ಮ ಮೊಣಕಾಲು, ತಮ್ಮ ಗಂಡನ ಸಿಟ್ಟು ಎಲ್ಲ ತೆಗೆದು ಹರಡಿಕೊಂಡು ಕೂರುತ್ತಿದ್ದರು. ಅಂಚೆಯವರ ಹೆಂಡತಿ ಒಂದು ಮಧ್ಯಾಹ್ನವೆಲ್ಲ ಮಾತಾಡಿ, ಏಳುವಾಗ ಕಣ್ಣೊರೆಸಿಕೊಂಡು, "ನೀ ಹೇಳಿದ್ದೇ ಸರಿ ಕಣೆ, ಹಂಗೇ ಮಾಡ್ತೀನಿ" ಎಂದು ಹೋದರು. ನಾನು ಏನು ಹೇಳಿದೆನೋ ನನಗೇ ತಿಳಿಯಲಿಲ್ಲ. ಅವರು ಹಾಗೇ ಮಾಡಿದರಂತೆ. ಒಳ್ಳೆಯದಾಯಿತಂತೆ.

ಒಂದು ಸಂಜೆ ಭಾವ ಪತ್ರಿಕೆಯಿಲ್ಲದೆ ಬಂದು ಜಗುಲಿಯ ಮೆಟ್ಟಿಲ ಮೇಲೆ ಕೂತರು. ಅಕ್ಕ ಮನೆಯಲ್ಲಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದರು. ಭಾವ ಸುಮ್ಮನಿರುವುದೆಂದರೆ ಆ ಮನೆಯಲ್ಲಿ ಗಾಬರಿಯಾಗುವ ವಿಷಯ.

"ಅವತ್ತು ನಾನು ಬಸ್‌ಸ್ಟ್ಯಾಂಡಿನಾಗೆ ಎಳನೀರು ಹಿಡ್ಕಂಡು ನಿಂತಿದ್ದೆ" ಎಂದರು. "ಜ್ವರ ಬಿಟ್ಟು ಬರ್ತಾ ಇದಾಳೆ, ಬಾಯಾರಿರ್ತದೆ ಅಂತ. ಎರಡು ಬಸ್ಸು ನೋಡ್ದೆ. ಎರಡನೇ ಬಸ್ಸು ಖಾಲಿ ಆದ್ಮೇಲೂ ಒಳಗೆ ಹತ್ತಿ ಸೀಟು ಸೀಟು ನೋಡ್ದೆ. ಕಂಡಕ್ಟರು ಏನ್ ಕಳ್ಕಂಡ್ರಿ ಅಂದ. ನಿಮ್ಮಕ್ಕಂಗೂ ಇದನ್ನ ಹೇಳಿಲ್ಲ."

ನಾನು ಬಳಪ ಹಿಡಿದೆ. ಮತ್ತೆ ಕೆಳಗಿಟ್ಟು ಅವರ ಪಕ್ಕ ಮೆಟ್ಟಿಲ ಮೇಲೆ ಹೋಗಿ ಕೂತೆ. ದೀಪ ಹಚ್ಚುವ ಹೊತ್ತಿಗೆ ಎದ್ದೆವು. ಮರುದಿನ ಬೆಳಿಗ್ಗೆ ಅವರು ಎಲ್ಲೋ ಸೇತುವೆ ಕುಸಿದದ್ದನ್ನು ಓದಿ, "ಇವರ ಮುಂದೆ ನಿಂದೇನು?" ಎಂದಾಗ ನನಗೆ ಮೊದಲ ಸಲ ಸಿಟ್ಟು ಬರಲಿಲ್ಲ.

ನನ್ನನ್ನು ಮೂಲೆಯಿಂದ ಎಬ್ಬಿಸಿದವಳು ಎದುರು ಮನೆಯ ಚಾಚಿ. ಬೀದಿಯವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು. ಗಂಡ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು, ಕೆಂಡ ಊದುವ ತಿದಿ ಹೊತ್ತು ಊರೂರು ತಿರುಗುತ್ತಿದ್ದ. ಚಾಚಿಗೆ ಐವತ್ತರ ಹತ್ತಿರ ವಯಸ್ಸು. ಮಗಳನ್ನು ಸೊರಬಕ್ಕೆ ಕೊಟ್ಟಿತ್ತು. ಅಲ್ಲಿಗೆ ಹೋಗಬೇಕಾದಾಗಲೆಲ್ಲ ಬಸ್ ನಿಲ್ದಾಣದಲ್ಲಿ ಕಂಡವರನ್ನು ಕೇಳಬೇಕು. ಒಮ್ಮೆ ಯಾರೋ ತಮಾಷೆಗೆ ಹಾನಗಲ್ಲಿನ ಬಸ್ಸು ಹತ್ತಿಸಿದ್ದರಂತೆ. ಸಮಾಧಾನ ಹೇಳಲು ಬಾರದೆ ಇದ್ದವಳು ಬೀದಿಯಲ್ಲಿ ಅವಳೊಬ್ಬಳೇ. ಒಂದು ದಿನ ನೇರ ಬಂದು ನನ್ನ ಪಾಟಿ ಮುಟ್ಟಿ ನೋಡಿದಳು.

"ದಿನಾ ಪಾಟಿ ಹಿಡ್ಕೊಂಡು ಕೂರ್ತಿ. ಸುಮ್ನೆ ಯಾಕ? ನಿನಗ ಮಾತಿಲ್ಲ, ನನಗ ಅಕ್ಷರ ಇಲ್ಲ. ಬಸ್ಸಿನ ಬೋರ್ಡ್ ಓದೋದು ಕಲ್ಸು."

ಬಾಯಿಲ್ಲದವಳು ಹೇಗೆ ಕಲಿಸುವುದು ಎಂದು ಕೈಯಾಡಿಸಿದೆ. "ನೀ ಬರಿ, ನಾ ಹೇಳ್ತೀನಿ" ಎಂದಳು, ಅದರಲ್ಲೇನು ಕಷ್ಟ ಎಂಬಂತೆ.

ಕಷ್ಟವಿತ್ತು. ನಾನು ಚಿತ್ರ ಬರೆದು ಪಕ್ಕದಲ್ಲಿ ಅಕ್ಷರ ಬರೆಯುವ ಉಪಾಯ ಮಾಡಿದೆ. ಆಡು ಬರೆದು 'ಆ' ಬರೆದೆ. "ಬಕ್ರಿ!" ಎಂದಳು ಖುಷಿಯಿಂದ. ಈರುಳ್ಳಿ ಬರೆದು 'ಈ' ಬರೆದೆ. "ಉಳ್ಳಾಗಡ್ಡಿ!" ಇಲಿ ಬರೆದರೆ ಹೆಗ್ಗಣ ಎಂದಳು. ಸಣ್ಣದಾಗಿ ಬರೆದು ತೋರಿಸಿದೆ. "ಹೆಗ್ಗಣದ ಮರಿ." ಹೀಗೆ ಒಂದು ವಾರದಲ್ಲಿ ಚಾಚಿ 'ಆ'ವನ್ನು ಬ ಎಂದೂ, 'ಈ'ಯನ್ನು ಉ ಎಂದೂ, 'ಇ'ಯನ್ನು ಹೆ ಎಂದೂ ಬಹಳ ಗಟ್ಟಿಯಾಗಿ ಕಲಿತಳು. ತಪ್ಪು ಎಂದು ನಾನು ತಲೆಯಾಡಿಸಿದರೆ, ತನ್ನ ಉಚ್ಚಾರ ಸಾಲದೆಂದು ತಿಳಿದು ಅದನ್ನೇ ಇನ್ನೂ ಜೋರಾಗಿ ಹೇಳುತ್ತಿದ್ದಳು.

ಕೊನೆಗೆ ಭಾವನನ್ನು ಉಚ್ಚಾರಕ್ಕೆ ಇಟ್ಟುಕೊಂಡೆವು. ಅವರು 'ಅ' ಎಂದು ಹೇಳುವ ಮೊದಲು ವಿದ್ಯೆಯ ಮಹತ್ವ, ರೈತರು ಓದು ಕಲಿತರೆ ಗೊಬ್ಬರದ ಚೀಲದ ಮೇಲಿನದನ್ನು ಓದಬಹುದೆಂಬ ವಿಷಯ, ಎಲ್ಲ ಹೇಳಿ ಕಚೇರಿಗೆ ಹೊತ್ತಾಯಿತೆಂದು ಎದ್ದುಹೋದರು. 'ಅ' ಬರಲೇ ಇಲ್ಲ. ಮರುದಿನ ಅಕ್ಕ ಅಡುಗೆಮನೆಯಿಂದಲೇ ಒಗ್ಗರಣೆಯ ನಡುವೆ ಒಂದೊಂದೇ ಅಕ್ಷರ ಕೂಗಿ ಹೇಳಿದಳು. ಅದರಿಂದ ಕೆಲಸವಾಯಿತು. ದೀಪಾವಳಿ ಕಳೆದು ಚಳಿ ಶುರುವಾಗುವ ಹೊತ್ತಿಗೆ ಚಾಚಿ ಒತ್ತಕ್ಷರಕ್ಕೆ ಬಂದಿದ್ದಳು. ಬೆಳಿಗ್ಗೆ ಏಳುವಾಗ ಇವತ್ತು ಯಾವ ಅಕ್ಷರ ಎಂದು ಯೋಚಿಸುತ್ತ ಏಳುವುದು ನನಗೆ ಅಭ್ಯಾಸವಾಗಿತ್ತು. ಯೋಚಿಸಲು ಬೇರೆ ವಿಷಯವೂ ಇದೆ ಎಂದು ನೆನಪಾಗುವಷ್ಟರಲ್ಲಿ ಚಾಚಿ ಬಂದು ಕೂತಿರುತ್ತಿದ್ದಳು.

ಡಾಕ್ಟರು ಹೇಳಿದ ಮೂರು ತಿಂಗಳು ಮುಗಿದಿತ್ತು. ಗಂಟಲನ್ನು ಪರೀಕ್ಷಿಸಲು ನನಗೇ ಭಯ. ಒಂದು ಮಧ್ಯಾಹ್ನ ಅಕ್ಕ ಬಟ್ಟೆ ಒಗೆಯಲು ಹೋಗಿದ್ದಳು. ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಿತ್ತು. "ಥೂ ಮುಂಡೇದೇ!" ಎಂದು ಯಾರೋ ಗಂಡಸು ಗದರಿದ. ಮನೆಗೆ ಯಾರು ನುಗ್ಗಿದರು ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಗದರಿದವಳು ನಾನೇ. ನೆಗಡಿಯಾದ ಪೊಲೀಸಿನವನ ಗಂಟಲು. ಕದ ಹಾಕಿಕೊಂಡು ಮೆಲ್ಲಗೆ ನನ್ನ ಹೆಸರು ಹೇಳಿ ನೋಡಿದೆ. ಆ ಗಂಡಸೇ ನನ್ನ ಹೆಸರು ಕರೆದ.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಮತ್ತೆ ಹೋಗಿಬಿಟ್ಟರೆ ಎಂಬ ಹೆದರಿಕೆ ಒಂದು. ಇನ್ನೊಂದನ್ನು ಒಪ್ಪಿಕೊಳ್ಳಲು ನಾಚಿಕೆ: ಮಾತು ಬಂದರೆ ನನ್ನ ಒಳ್ಳೆಯ ಹೆಸರು ಹೋಗುತ್ತಿತ್ತು.

ಐದನೆಯ ದಿನ ಚಾಚಿಗೆ ಪರೀಕ್ಷೆ. ನಾವಿಬ್ಬರೂ ಸೊರಬಕ್ಕೆ, ಅವಳ ಮಗಳ ಮನೆಗೆ ಹೋಗುವುದು. ಬೋರ್ಡು ಅವಳೇ ಓದಬೇಕು. ನಿಲ್ದಾಣಕ್ಕೆ ಹೋಗುವಾಗಲೇ ಒಂದು ಬಸ್ಸು ಹೊರಡಲು ನಿಂತಿತ್ತು. ಚಾಚಿ ಮುಂದೆ ನಿಂತು, ತಲೆಯೆತ್ತಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಓದಿದಳು: "ಸಾ... ಗ... ರ. ಸಾಗರ! ಸೊರಬ ಅಲ್ಲ."

"ಸೊರಬದ ಮ್ಯಾಲೇ ಹೋಗೋದು ಹತ್ತಮ್ಮೋ" ಎಂದ ಕಂಡಕ್ಟರು.

"ಬೋರ್ಡಿನ ಮ್ಯಾಲೆ ಸಾಗರ ಐತಿ."

"ಸಾಗರಕ್ಕೆ ಸೊರಬ ದಾಟೇ ಹೋಗ್ಬೇಕು ಕಣಮ್ಮ!"

"ನನಗ ಓದಾಕ ಬರ್ತೈತಿ" ಎಂದಳು ಚಾಚಿ. ಹಾನಗಲ್ಲಿಗೆ ಒಮ್ಮೆ ಹೋಗಿ ಬಂದವಳು ಇನ್ನು ಗಂಡಸರ ಮಾತು ನಂಬುವವಳಲ್ಲ. ಅವಳ ತೋಳು ಹಿಡಿದೆಳೆದೆ. ಕೊಡವಿಕೊಂಡಳು. ಬಸ್ಸು ಹೊರಟುಹೋಯಿತು. ಅಕ್ಷರ ಕಲಿತದ್ದರ ಮೊದಲ ಫಲವಾಗಿ ನಾವು ಒಂದೂವರೆ ಗಂಟೆ ಕಲ್ಲುಬೆಂಚಿನ ಮೇಲೆ ಕೂತೆವು.

ಅಲ್ಲಿಗೆ ಸೊರಬದ ಆ ತಾಯಿ ಬಂದರು. ನನ್ನ ಅತ್ತೆಯಾಗಬೇಕಿದ್ದವರು. ಆನವಟ್ಟಿಯ ನೆಂಟರ ಮನೆಗೆ ಬಂದು ಊರಿಗೆ ಹೊರಟಿದ್ದರು. ಜೊತೆಗೊಬ್ಬ ಹೆಂಗಸು. ನನ್ನನ್ನು ಕಂಡು ಹತ್ತಿರ ಬಂದು, ಕಿವಿಯಲ್ಲಿ ಬಾಯಿಟ್ಟು, "ಚೆನ್ನಾಗಿದೀಯೇನೇ?" ಎಂದು ಅಬ್ಬರಿಸಿದರು. ತಲೆಯಾಡಿಸಿದೆ. ಪಕ್ಕದಲ್ಲಿ ಕೂತು, ನನ್ನ ತಲೆಯ ಮೇಲಿಂದ ಜೊತೆಯವಳಿಗೆ ಹೇಳಲು ಶುರುಮಾಡಿದರು.

"ಪಾಪ, ಕಿವೀನೂ ಹೋಯ್ತಂತೆ. ಒಳ್ಳೆ ಹುಡುಗಿ. ಈಗ ಬೇರೆ ಕಡೆ ನೋಡಿದೀವಲ್ಲ, ಆ ಹುಡುಗಿ ಬಾಯಿ ಬಿಟ್ರೆ ಮುಚ್ಚದೇ ಇಲ್ಲ ಮಾರಾಯ್ತಿ. ನಾನೊಂದು ಅಂದ್ರೆ ನಾಲ್ಕು ಅಂತದೆ. ಅದನ್ನ ನೋಡಿದ್ರೆ ಈ ಮೂಗೀನೇ ಆಗಬೌದಿತ್ತು ಅನ್ನಿಸ್ತದೆ. ಹೇಳಿದ್ದು ಕೇಳ್ಕಂಡು ಬಿದ್ದಿರದು."

ನಾನು ಏನು ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. "ನಂಗೆ ಕಿವಿ ಚೆನ್ನಾಗೇ ಕೇಳ್ತದೆ ರೀ" ಎಂದೆ.

ಆ ಗಂಟಲು ಕೇಳಿ ಅವರು ಮೊದಲು ನನ್ನ ಹಿಂದೆ ಯಾರು ಗಂಡಸರಿದ್ದಾರೆಂದು ನೋಡಿದರು. ಆಮೇಲೆ ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಮುಂದಿನ ಬಸ್ಸು ಬಂತು. ಅವರು ಮುಂದಿನ ಬಾಗಿಲಿಂದ ಹತ್ತಿದರು, ನಾವು ಹಿಂದಿನದರಿಂದ. ಚಾಚಿ ಈ ಸಲ ಬೋರ್ಡು ಓದಲಿಲ್ಲ. ನನ್ನನ್ನೇ ದಿಟ್ಟಿಸುತ್ತಿದ್ದಳು.

"ಮಾತು ಬಂತು?"

"ಹ್ಞೂಂ."

"ಯಾವಾಗಿಂದ?"

"ನಾಲ್ಕು ದಿನ."

"ನಾಲ್ಕು ದಿನದಿಂದ ನಾನು ಆ 'ಕ್ಷ' ಜೊತಿ ಜಗಳ ಆಡಾಕ ಹತ್ತೀನಿ. ಬಾಯಿದ್ದೂ ಹೇಳಲಿಲ್ಲ ನೀನು!"

ಸೊರಬದವರೆಗೂ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅಷ್ಟೂ ತಿಂಗಳಲ್ಲಿ ಯಾರೂ ನನ್ನ ಮೇಲೆ ಸಿಟ್ಟಾಗಿರಲಿಲ್ಲ. ಎಲ್ಲರೂ ಪಾಪ ಪಾಪ ಎನ್ನುತ್ತಿದ್ದರು. ಒಬ್ಬಳು ಹೀಗೆ ಸರಿಯಾಗಿ ಮುನಿಸಿಕೊಂಡದ್ದು ನನಗೆ ಎಷ್ಟು ಹಿತವಾಯಿತೆಂದರೆ, ನಾನು ದಾರಿಯುದ್ದಕ್ಕೂ ಆ ಒಡಕು ಗಂಟಲಿನಲ್ಲಿ ಕ್ಷಮೆ ಕೇಳುತ್ತ ಹೋದೆ. ಸೊರಬದ ಅಂಗಡಿಯೊಂದರ ಬೋರ್ಡಿನಲ್ಲಿ 'ಕ್ಷೌರ' ಕಂಡಾಗ ಅವಳೇ ತೋಳು ಹಿಡಿದು, "ಇದೇನು ಹೇಳು" ಎಂದಳು. ರಾಜಿಯಾಯಿತು.

ಹದಿನೈದು ದಿನಕ್ಕೆ ಸೊರಬದಿಂದ ಮಧ್ಯಸ್ಥರು ಬಂದರು. ಹುಡುಗಿಗೆ ಗುಣವಾದದ್ದು ತಿಳಿದು ಎಲ್ಲರಿಗೂ ಸಂತೋಷವಾಗಿದೆ, ನಿಂತದ್ದನ್ನು ಮುಂದುವರಿಸೋಣ ಎಂದರು. ಭಾವ ಪಂಚಾಂಗ ತೆಗೆದರು. ನಾನು ಒಳಗಿಂದ ಬಂದು "ಬೇಡ" ಎಂದೆ. ಹೊಸ ಗಂಟಲಿಗೆ ಆ ಪದ ಬಹಳ ಒಪ್ಪುತ್ತಿತ್ತು. ಮಧ್ಯಸ್ಥರು ಕಾಫಿ ಪೂರ್ತಿ ಕುಡಿಯದೆ ಎದ್ದರು. "ಇನ್ನೊಂದು ತಿಂಗಳು ಮಾತು ಬರದೇ ಇದ್ದಿದ್ರೆ ಮದುವೆನಾದ್ರೂ ಆಗ್ತಿತ್ತು" ಎಂದು ಭಾವ ಎರಡು ದಿನ ಕೊರಗಿದರು. ಪತ್ರಿಕೆಯಲ್ಲಿ ಅದಕ್ಕಿಂತ ದೊಡ್ಡ ಕಷ್ಟ ಆಗ ಅವರಿಗೂ ಸಿಗಲಿಲ್ಲ.

ಸಂಕ್ರಾಂತಿ ಕಳೆದು ಶಿಕಾರಿಪುರಕ್ಕೆ ಹಿಂತಿರುಗಿದೆ. ಬೀಗ ತೆಗೆದು ಒಳಗೆ ಹೋಗಿ, ಅಭ್ಯಾಸಬಲದಿಂದ "ಬಂದೆ ಅವ್ವಾ" ಎಂದು ಕೂಗಿದೆ. ಕೂಗುವ ಅಗತ್ಯವಿಲ್ಲ ಎಂಬುದು ಆಮೇಲೆ ಹೊಳೆಯಿತು. ಗೋಡೆಗೆ ಒರಗಿ ಅತ್ತೆ. ಈ ಸಲ ಅಳುವಿಗೂ ಶಬ್ದವಿತ್ತು. ಮುಗಿದ ಮೇಲೆ ಮನೆ ಗುಡಿಸಿದೆ, ನೀರು ತಂದೆ, ಅನ್ನಕ್ಕಿಟ್ಟೆ.

ಎಕ್ಸ್‌ಚೇಂಜಿನಲ್ಲಿ ಮೊದಲ ದಿನವೇ ಹೊಸ ಗಂಟಲಿನ ಬೆಲೆ ಗೊತ್ತಾಯಿತು. ಮೊದಲು ಲೈನು ತಡವಾದರೆ "ಏನ್ ನಿದ್ದೆ ಮಾಡ್ತಿದೀಯೇನಮ್ಮಾ" ಎನ್ನುತ್ತಿದ್ದವರೆಲ್ಲ ಈಗ "ಸಾರ್" ಎನ್ನತೊಡಗಿದರು. "ಕಾಯಿರಿ" ಎಂದರೆ ಕಾಯುತ್ತಿದ್ದರು. "ಲೈನಿಲ್ಲ" ಎಂದರೆ ನಂಬುತ್ತಿದ್ದರು. ಒಬ್ಬ ದೊಡ್ಡ ಮನುಷ್ಯರು ನನಗೆ ವರ್ಗವಾಗದಂತೆ ನೋಡಿಕೊಳ್ಳುತ್ತೇನೆ ಸಾರ್ ಎಂದು ಮಾತು ಕೊಟ್ಟರು. ಗಂಟಲು ಕೆಟ್ಟದ್ದರಿಂದ ನನ್ನ ಅಧಿಕಾರ ಹೆಚ್ಚಿತು. ಜೊತೆಯ ಇಬ್ಬರು ಹುಡುಗಿಯರು ಜಗಳಗಂಟರ ಕರೆಗಳನ್ನೆಲ್ಲ ನನಗೇ ಕೊಡತೊಡಗಿದರು. ನಾನು ಕೆಮ್ಮಿ, "ಏನ್ರೀ ನಿಮ್ದು?" ಎಂದರೆ ಸಾಕಾಗುತ್ತಿತ್ತು.

ಅಕ್ಕಿ ಮಂಡಿಯ ಯಜಮಾನರೊಬ್ಬರು ದಿನವೂ ಹಗಲು ಹನ್ನೊಂದಕ್ಕೆ ಶಿವಮೊಗ್ಗ ಕೇಳುತ್ತಿದ್ದರು. ಶಿವರಾತ್ರಿ ಹತ್ತಿರ ಬಂದಿತ್ತು. ಒಂದು ದಿನ ಲೈನಿಗೆ ಕಾಯುತ್ತ ಸುಮ್ಮನೆ ಮಾತಿಗಿಳಿದರು.

"ಸಾರ್, ಮೊದಲು ಅಲ್ಲೊಬ್ಬ ಹುಡುಗಿ ಇದ್ಲಲ್ರೀ, ಭಾಳ ಚಂದ ಮಾತಾಡೋಳು. ಏನಾದ್ಲು?"

"ಇಲ್ಲೇ ಅದಾಳ್ರೀ."

"ಹೌದಾ? ತಾಯಿ ತೀರ್ಕೊಂಡ್ರಂತ ಕೇಳಿದ್ದೆ. ಆರಾಮ ಅದಾಳಾ ಈಗ?"

ಬೋರ್ಡಿನ ದೀಪಗಳು ಮಿಣುಕುತ್ತಿದ್ದವು. ಪಕ್ಕದ ಕುರ್ಚಿಯಲ್ಲಿ ಯಾರೋ ಹಾವೇರಿಯನ್ನು ಕೂಗಿ ಕರೆಯುತ್ತಿದ್ದರು. ನಾನು ಸ್ವಲ್ಪ ಯೋಚಿಸಿದೆ, ಏಕೆಂದರೆ ಸುಳ್ಳು ಹೇಳಬಾರದೆಂದಿತ್ತು.

"ಆರಾಮ ಅದಾಳ್ರೀ" ಎಂದೆ. "ಶಿವಮೊಗ್ಗ ಬಂತು, ಮಾತಾಡ್ರಿ."